ಹುಳದ ಮನೆಯ ಹಾಡುಗಾರ

ನನ್ನ ತಮ್ಮ ಮೊದಲ ಸಲ ಟೀವಿಯಲ್ಲಿ ಹಾಡಿದ ದಿನ ನಾನು ಅಲ್ಲಿ ಇರಬೇಕಾಗಿತ್ತು. ಇರಲಿಲ್ಲ. ಅವನು ಬಾ ಎಂದು ಕರೆದಿದ್ದ. ಟೀವಿಯವರು ಕಾರು ಕಳಿಸುತ್ತೇವೆ ಎಂದಿದ್ದರು. ಉಡಬೇಕಾದ ಸೀರೆ ಇಸ್ತ್ರಿಯಾಗಿ ಮಂಚದ ಮೇಲೆ ಕೂತಿತ್ತು. ಆದರೂ ಹೋಗಲಿಲ್ಲ. ಹೋಗದೆ ಇರುವುದಕ್ಕೆ ಒಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ಅವನು ಎಲ್ಲರ ಮುಂದೆ ನಿಜವೆಂದು ಹೇಳಿ ನಗೆಪಾಟಲಾದ. ಇದಾಗಿ ಹತ್ತು ವರ್ಷ. ಈ ಹತ್ತು ವರ್ಷದಲ್ಲಿ ಮೊನ್ನೆಯ ತನಕ ಒಂದು ದಿನವೂ ನಾನು ಬಾಯಿ ಬಿಟ್ಟು ತಪ್ಪಾಯಿತು ಎನ್ನಲಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆದು ರೂಢಿಯಿಲ್ಲ. ಮಗಳ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ, ತಪ್ಪಿದ ಕಡೆ ಅವಳು ತಿದ್ದುತ್ತಾಳೆ. ತಮ್ಮನ ರಾಕ್ ಬ್ಯಾಂಡಿನ ಅಭಿಮಾನಿಗಳು ಸೇರಿ ಒಂದು ಪುಸ್ತಕ ಮಾಡುತ್ತಾರಂತೆ. "ಮನೆಯವ್ರು ಕಂಡಂಗೆ ನಾಕ್ ಮಾತು ಬರ್ಕೊಡಿ ಅಕ್ಕ" ಎಂದು ಕೇಳಿದ್ದಾರೆ. ಅವನ ಹೆಸರನ್ನು ಮಾತ್ರ ನಾನು ಬರೆಯುವುದಿಲ್ಲ. ಹೆಸರು ಪೋಸ್ಟರಿನಲ್ಲಿ ದೊಡ್ಡದಾಗಿ ಇದ್ದೇ ಇದೆ. ಅದಕ್ಕೆ ಈಗ ಒಂದು ಜಗಳವೂ ಅಂಟಿಕೊಂಡಿದೆ. ನನಗೆ ಗೊತ್ತಿರುವವನು ನನ್ನ ತಮ್ಮ, ಅಷ್ಟೆ.

ನಮ್ಮ ತವರು ಸಾದಲಿ. ಅವನು ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅಮ್ಮ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಲು ನಿಂತರೆ ಅವನು ನನ್ನ ಕಂಕುಳಿಗೆ ಬರುತ್ತಿದ್ದ. ನಡೆಯಲು ಕಲಿತ ಮೇಲೆ ಹುಳದ ತಟ್ಟೆಯ ಅಂಚಿಗೆ ಕಿವಿ ಇಟ್ಟುಕೊಂಡು ಕೂರುವುದೇ ಅವನ ಆಟ. ದೊಡ್ಡ ಹುಳ ಸೊಪ್ಪು ತಿನ್ನುವಾಗ ಚರಚರ ಎಂದು ಸದ್ದಾಗುತ್ತದೆ. ಅದಕ್ಕೆ ಸರಿಯಾಗಿ ಬೆರಳಲ್ಲಿ ತಟ್ಟೆ ಬಡಿಯುತ್ತಿದ್ದ. ನಾನು ಕೈಮೇಲೆ ಒಂದು ಕೊಟ್ಟರೆ, "ನಾನಲ್ಲ ಕಣಕ್ಕ, ಅವೇ ಮೊದ್ಲು ಶುರು ಮಾಡಿದ್ದು" ಎನ್ನುತ್ತಿದ್ದ.

ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳುತ್ತಿದ್ದ, ಆದರೆ ಬರುತ್ತಿರಲಿಲ್ಲ. ಸುಳ್ಳು ಬಾಯಿಗೆ ಬಂದ ಕೂಡಲೇ ಬಲಗೈ ತಾನಾಗಿ ಬಲಗಿವಿಯ ಹಾಲೆಗೆ ಹೋಗಿ ಅದನ್ನು ಹಿಡಿದು ಎಳೆಯುತ್ತಿತ್ತು. ಡಬ್ಬಿಯ ಬೆಲ್ಲ ತಿಂದವರು ಯಾರು ಎಂದರೆ ಕಿವಿ. ಶಾಲೆಗೆ ಹೋಗಿದ್ದೆಯಾ, ಇಲ್ಲ ಶಿಡ್ಲಘಟ್ಟದಲ್ಲಿ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನ ಹಿಂದೆ ಸುತ್ತುತ್ತಿದ್ದೆಯಾ ಎಂದರೆ ಕಿವಿ. ಅಮ್ಮ ಬೈಯುವ ಮೊದಲೇ ನಕ್ಕುಬಿಡುತ್ತಿದ್ದಳು. ಈ ವಿಷಯ ನಮ್ಮ ಮೂವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಈಗ ಅಮ್ಮ ಇಲ್ಲ.

ನನ್ನನ್ನು ಮೇಲೂರಿಗೆ ಕೊಟ್ಟರು. ಇಲ್ಲಿಯೂ ಹುಳವೇ. ಪಿಯುಸಿಗೆ ಅವನು ನಮ್ಮ ಮನೆಗೇ ಬಂದು ಉಳಿದ. ದಿನವೂ ಬಸ್ಸಿನಲ್ಲಿ ಚಿಂತಾಮಣಿಯ ಕಾಲೇಜಿಗೆ ಹೋಗಿ ಬರುತ್ತಿದ್ದ. ಅಲ್ಲಿ ಮೂರು ಜನ ಗೆಳೆಯರು ಸಿಕ್ಕಿದರು, ಎಲ್ಲಿಂದಲೋ ಹಳೆಯ ಗಿಟಾರು ಸಿಕ್ಕಿತು. ಗಂಟಲು ಪಳಗಿಸಬೇಕೆಂದು ಒಂದು ದಿನ ನಾಲ್ವರೂ ಅಂಬಾಜಿದುರ್ಗದ ಬಂಡೆ ಹತ್ತಿ ಕಿರುಚಿದರಂತೆ. ಯಾರೋ ಮೇಲಿಂದ ಬಿದ್ದರು ಎಂದುಕೊಂಡು ಕುರಿ ಕಾಯುವವರು ಹಗ್ಗ ಹಿಡಿದು ಓಡಿ ಬಂದರಂತೆ. ಅದನ್ನು ಮನೆಯಲ್ಲಿ ಅಭಿನಯಿಸಿ ತೋರಿಸಿದ. ಕಿರುಚಿದ್ದನ್ನೂ ತೋರಿಸಿದ. ನಮ್ಮತ್ತೆ ರಾಗಿ ಬೀಸುವುದು ಬಿಟ್ಟು ಗಾಬರಿಯಲ್ಲಿ ಎದ್ದು ಬಂದು, "ಏಮಿರಾ ನಾಯನಾ, ಕಡುಪುನೊಪ್ಪಾ?" ಎಂದು ಕೇಳಿದರು. ಹೊಟ್ಟೆನೋವೇನೋ ಅಪ್ಪಾ ಎಂದು. ಅವರಿಗೆ ತೆಲುಗೇ ಬಾಯಿಗೆ ಬರುವುದು. ಆವತ್ತಿನಿಂದ ಅವನು ಹಾಡಲು ಹೊರಟಾಗಲೆಲ್ಲ, "ಅತ್ತೇ, ಕಡುಪುನೊಪ್ಪಿಕಿ ಪೋತಾನು" ಎಂದು, ಹೊಟ್ಟೆನೋವಿಗೆ ಹೋಗ್ತೀನಿ ಅಂತ, ಹೇಳಿಯೇ ಹೋಗುತ್ತಿದ್ದ.

ಹಾಡುವ ಜಾಗ ನಮ್ಮ ಹುಳದ ಮನೆ. ಹುಳ ಇದ್ದಾಗ ಅಲ್ಲಿ ಜೋರಾಗಿ ಕೆಮ್ಮಲೂ ಅತ್ತೆ ಬಿಡುವುದಿಲ್ಲ. ಒಂದು ಬೆಳೆ ಮುಗಿದು, ಗೂಡು ಮಾರಿ, ಮನೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು, ಹೊಸ ಸೊಪ್ಪು ಬಲಿಯುವ ತನಕ ಬಾಗಿಲು ತೆರೆದು ಬಿಟ್ಟಿರುತ್ತೇವೆ. ಆ ಖಾಲಿ ದಿನಗಳೆಲ್ಲ ಅವನದು. ಉದ್ದನೆ ಮನೆ, ಮೇಲೆ ಶೀಟು, ಒಳ್ಳೆ ಸದ್ದು ಬರುತ್ತದೆ. ಹುಳ ಸಾಕುವ ನಮಗಿಂತ ಚೆನ್ನಾಗಿ ಅವನಿಗೆ ನಮ್ಮ ಹುಳದ ದಿನಗಳು ಗೊತ್ತಿದ್ದವು. "ಅಕ್ಕ, ಶುಕ್ರವಾರಕ್ಕೆ ಮನೆ ಖಾಲಿ ಆಗ್ತದಲ್ವಾ?" ಎಂದು ಗೂಡು ಬಿಡಿಸುವ ಮೊದಲೇ ಕೇಳುತ್ತಿದ್ದ. ಖಾಲಿ ಮನೆಗೆ ಹೋಗುವಾಗಲೂ ಚಪ್ಪಲಿ ಹೊರಗೆ ಬಿಟ್ಟು ಕಾಲು ತೊಳೆದೇ ಹೋಗುತ್ತಿದ್ದ. ಹುಳ ಇಲ್ಲವಲ್ಲೋ ಎಂದರೆ, "ಇದ್ದ ಜಾಗ ಅಲ್ವಾ" ಎನ್ನುತ್ತಿದ್ದ. ಗೆಳೆಯರಿಗೂ ಕಾಲು ತೊಳೆಸುತ್ತಿದ್ದ. ಡ್ರಮ್ ಬಡಿಯುವವನೊಬ್ಬ, "ದೇವಸ್ಥಾನಕ್ಕೆ ಹೋಗಕ್ಕೂ ನಾನು ಇಷ್ಟು ಕಾಲು ತೊಳ್ದಿಲ್ಲ ಕಣಕ್ಕ" ಎಂದು ದೂರು ಹೇಳುತ್ತಿದ್ದ.

ಟೀವಿಯ ಹಾಡಿನ ಸ್ಪರ್ಧೆಗೆ ಆಯ್ಕೆಯಾದಾಗ ಅದೇ ಖಾಲಿ ಮನೆಯಲ್ಲಿ ಎರಡು ದಿನ ಒಂದೇ ಹಾಡು ಹಾಡಿದ. ಹೊರಡುವಾಗ, "ಮನೆಯಿಂದ ಒಬ್ರು ಬರ್ಬೇಕಂತೆ. ಸ್ಟೇಜ್ ಮೇಲೆ ಎರಡು ಮಾತಾಡ್ಬೇಕಂತೆ. ನೀನೇ ಬರ್ಬೇಕು ಅಕ್ಕ" ಎಂದ. ಆಗಲಿ ಎಂದೆ.

ಅವನು ಹೋದ ಮೇಲೆ ನಾನು ಹುಳದ ಮನೆಯ ಕೊನೆಯ ಗೋಡೆಯ ಹತ್ತಿರ ನಿಂತು ಆ ಎರಡು ಮಾತನ್ನು ಅಭ್ಯಾಸ ಮಾಡಿದೆ. 'ಎಲ್ಲರಿಗೂ ನಮಸ್ಕಾರ. ನಾನು ಇವನ ಅಕ್ಕ.' ಅಷ್ಟೇ ಮಾತು. ಶೀಟಿನ ಮನೆಯಲ್ಲಿ ನನ್ನ ದನಿ ತಿರುಗಿ ನನಗೇ ಕೇಳಿಸಿತು. ಅರ್ಧ ಕನ್ನಡ, ಅರ್ಧ ತೆಲುಗಿನ ಎಳೆತ, ಟೀವಿಯಲ್ಲಿ ಮಾತಾಡುವ ಹೆಂಗಸರ ದನಿಯ ಹಾಗೆ ಒಂದಕ್ಷರವೂ ಇಲ್ಲ. ಕೈ ನೋಡಿಕೊಂಡೆ. ಸೊಪ್ಪಿನ ಹಾಲು ಕುಡಿದು ಬೆರಳು ಕಪ್ಪಾಗಿದ್ದವು, ಬ್ಲೀಚಿಂಗ್ ಪೌಡರಿಗೆ ಅಂಗೈ ಬಿರಿದಿತ್ತು. ಈ ಕೈಯಲ್ಲಿ ಮೈಕು ಹಿಡಿಯುವುದೇ? ನನ್ನನ್ನು ನೋಡಿ ಜನ ಅವನನ್ನು ಆಡಿಕೊಂಡು ನಕ್ಕರೆ?

ರೇಷ್ಮೆ ಸಾಕುವ ಊರುಗಳಲ್ಲಿ ಒಂದು ನೆಪ ಇದೆ. ಬಲಿತ ಹುಳ ಒಂದು ದಿನ ಸೊಪ್ಪು ತಿನ್ನುವುದು ನಿಲ್ಲಿಸಿ, ಮೈ ಹಳದಿಗೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಹುಳ ಹಣ್ಣಾಯಿತು ಎನ್ನುತ್ತೇವೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಆ ದಿನಗಳಲ್ಲಿ ಮನೆಯವರು ಯಾರೂ ಹೊಸಿಲು ದಾಟುವುದಿಲ್ಲ. ಸ್ವಂತ ಅಣ್ಣನ ಮಗಳ ಮದುವೆಗೆ ಹೋಗದಿದ್ದರೂ 'ಹುಳ ಹಣ್ಣಾಗವೆ' ಎಂದರೆ ಸಾಕು, ಯಾರೂ ಎರಡನೇ ಮಾತು ಆಡುವುದಿಲ್ಲ. ಬೇಡದ ನೆಂಟರಿಗೂ ಇದೇ ಉತ್ತರ.

ಕಾರು ಹೊರಡಿಸಲೇ ಎಂದು ತಮ್ಮ ಫೋನು ಮಾಡಿದಾಗ ನನ್ನ ಬಾಯಿಗೆ ಬಂದದ್ದು ಅದೇ. "ಬರಕಾಗಲ್ಲ ಕಣಪ್ಪ. ಹುಳ ಹಣ್ಣಾಗವೆ."

 ಆಚೆ ಕಡೆಯಿಂದ ಅವನು, "ಸರಿ ಬಿಡಕ್ಕ. ನೀನು ಹುಳ ನೋಡ್ಕೊ" ಎಂದ.

ಅವನು ಖಾಲಿ ಮನೆಯಲ್ಲಿ ಹಾಡಿ ಹೋಗಿ ಎಂಟು ದಿನವಾಗಿತ್ತು. ಮರಿಹುಳ ತಂದರೂ ಹಣ್ಣಾಗಲು ಎರಡು ವಾರದ ಮೇಲೆ ಬೇಕು. ಫೋನು ಇಟ್ಟ ಮೇಲೆ ಇದು ಹೊಳೆಯಿತು. ಅವನ ತಲೆಯಲ್ಲಿ ಈಗ ಹಾಡು ಬಿಟ್ಟು ಏನಿರುತ್ತದೆ, ಇಷ್ಟೆಲ್ಲ ಎಣಿಸುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹತ್ತು ವರ್ಷ ಹಾಗೆಯೇ ನಂಬಿಕೊಂಡೆ.

ಆವತ್ತು ಟೀವಿಯಲ್ಲಿ ಅವನ ಹಾಡು ಕೇಳಿದೆ. ಚಪ್ಪಾಳೆ ಬಿತ್ತು. ಕಾರ್ಯಕ್ರಮ ನಡೆಸಿಕೊಡುವವನು ಬಂದು, "ಮನೆಯಿಂದ ಯಾರೂ ಬಂದಿಲ್ವಾ?" ಎಂದು ಕೇಳಿದ. ನನ್ನ ತಮ್ಮ, "ನಮ್ಮಕ್ಕ ಬರ್ಬೇಕಿತ್ತು ಸಾರ್, ಹುಳ ಹಣ್ಣಾಗವೆ" ಎಂದ. ಅಷ್ಟು ಕೇಳಿ ನಾನು ಎದ್ದು ಅಡುಗೆಮನೆಗೆ ಹೋದೆ. ಜನ ಗೊಳ್ಳೆಂದು ನಕ್ಕದ್ದು ಅಲ್ಲಿಗೂ ಕೇಳಿಸಿತು.

ಮಾರನೆಯ ದಿನ ಅವನು ಫೋನು ಮಾಡಿ ಕೇಳಿದ, "ಹೆಂಗಿತ್ತಕ್ಕ?"

"ಹಾಡು ಚೆನ್ನಾಗಿತ್ತು."

"ಮಾತು?"

ಅವನು ಏನು ಕೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ನಮ್ಮ ಮಾತು ನಮ್ಮದು ಕಣಪ್ಪ, ನಗೋರು ನಗಲಿ ಎನ್ನಬೇಕಾಗಿತ್ತು. ನಾನು ಅಂದದ್ದು ಇಷ್ಟು: "ಸ್ವಲ್ಪ ನೀಟಾಗಿ ಮಾತಾಡು. ಟೀವಿನೋರ ಥರ."

ಮಾತಾಡಿದ. ಅಕ್ಕ ಹೇಳಿದ್ದನ್ನು ಅವನು ಯಾವಾಗ ಕೇಳಿಲ್ಲ?

ಆಮೇಲಿನ ಕತೆ ಅಭಿಮಾನಿಗಳಿಗೆ ನನಗಿಂತ ಚೆನ್ನಾಗಿ ಗೊತ್ತು. ಗೆಲ್ಲಲಿಲ್ಲ, ಆದರೆ ಬೆಳೆದ. ಬ್ಯಾಂಡು ದೊಡ್ಡದಾಯಿತು. ಬೇರೆ ರಾಜ್ಯಕ್ಕೆಲ್ಲ ಹೋಗಿ ಹಾಡುತ್ತಾನೆ. ಮಾತು ಮೊದಲು ನೀಟಾಯಿತು, ಆಮೇಲೆ ಬೆಂಗಳೂರಿನದಾಯಿತು, ಆಮೇಲೆ ಅರ್ಧ ಇಂಗ್ಲಿಷಾಯಿತು. ನನ್ನ ಹತ್ತಿರವೂ ಹಾಗೇ ಮಾತಾಡುತ್ತಾನೆ, ಒಂದೊಂದು ಪದವನ್ನೂ ತೊಳೆದು ಒರೆಸಿ ಇಟ್ಟ ಹಾಗೆ. ನಮ್ಮತ್ತೆಯ ಹತ್ತಿರ ಮಾತ್ರ ಹಳೆಯ ತೆಲುಗು. ಆ ಇಬ್ಬರೂ ಜಗಲಿಯಲ್ಲಿ ಕೂತು ನಗುವಾಗ ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿರುತ್ತೇನೆ.

ಹೋದ ತಿಂಗಳು ಇಬ್ಬರು ಅಭಿಮಾನಿಗಳು ಮನೆಗೆ ಬಂದರು. ಒಬ್ಬ ಚಿಂತಾಮಣಿಯವನು, ಗಡ್ಡದವನು, ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಇನ್ನೊಬ್ಬಳು ಗೌರಿಬಿದನೂರಿನ ಹುಡುಗಿ, ಕಾಲೇಜಿನಲ್ಲಿ ಓದುತ್ತಾಳೆ. ಬ್ಯಾಂಡು ಹುಟ್ಟಿದ ಹುಳದ ಮನೆ ನೋಡಬೇಕೆಂದು ಬಂದವರು ಜಗಲಿಯ ಮೇಲೆ ಕೂತು ಜಗಳಕ್ಕೆ ಬಿದ್ದರು. ಇಂಥ ಜಗಳ ಫೋನಿನಲ್ಲಿ ದಿನವೂ ನಡೆಯುತ್ತದಂತೆ, ಸಾವಿರ ಜನ ಸೇರಿಕೊಳ್ಳುತ್ತಾರಂತೆ.

"ಮೊದಲ್ನೇ ಪ್ರೋಗ್ರಾಮ್ ನೋಡು," ಎಂದ ಗಡ್ಡದವನು. "'ಚಿಂತಾಮಣಿ ಕಡೆಯಿಂದ ಬಂದಿವ್ನಿ' ಅಂತಾನೆ. ನಮ್ಮೋನು ಅಂತ ಎದೆ ಉಬ್ತದೆ. ಮೂರ್ನೇದ್ರಲ್ಲಿ 'ಬಂದಿದ್ದೀನಿ'. ಐದ್ನೇದ್ರಲ್ಲಿ 'ಹಾಯ್ ಗಯ್ಸ್'. ಒಂದ್ ತಿಂಗಳಲ್ಲಿ ಊರೇ ಮರ್ತೋದ್ನಲ್ಲಮ್ಮ!"

"ನೀನು ಅಂಗಡೀಲಿ ಗಿರಾಕಿ ಬಂದಾಗ 'ಹೇಳಿ ಸರ್, ಯಾವ ಮಾಡೆಲ್ ಸರ್' ಅನ್ನಲ್ವಾ? ಆವಾಗ ನೀನು ಊರು ಮರ್ತಿರ್ತೀಯಾ?"

"ಅದು ವ್ಯಾಪಾರ ಕಣಮ್ಮ."

"ಇವ್ರದ್ದೂ ಕೆಲ್ಸಾನೇ ಕಣಣ್ಣ. ಹಾಡು ಬದ್ಲಾಗಿದ್ಯಾ ಹೇಳು. ಕಣ್ಣು ಮುಚ್ಕೊಂಡು ಹಾಡು ಕೇಳು, ಅದೇ ಮನುಷ್ಯ."

"ಹಾಡು ಅದೇ. ಮನುಷ್ಯ ಡೂಪು. ಮುಂದಿನ್ ತಿಂಗ್ಳು ಚಿಕ್ಕಬಳ್ಳಾಪುರಕ್ಕೆ ಬರ್ತಾನಲ್ಲ, ಮುಂದೇನೇ ನಿಂತ್ಕೊಂಡು ಕೂಗ್ತೀನಿ, 'ನಮ್ ಭಾಷೇಲಿ ಮಾತಾಡೋ' ಅಂತ. ನಾನೊಬ್ನೇ ಅಲ್ಲ, ನೂರ್ ಜನ ಕೂಗ್ತೀವಿ."

ನನ್ನ ಕೈಯಲ್ಲಿ ಕಾಫಿಯ ತಟ್ಟೆ ಇತ್ತು. ಅವನಲ್ಲಪ್ಪ, ಬದಲಿಸಿದವಳು ನಾನು ಎಂದು ಹೇಳಬಹುದಾಗಿತ್ತು. ಲೋಟ ಕೆಳಗಿಟ್ಟೆ. ಆ ಹುಡುಗಿ, "ಆವತ್ತು ನೀವ್ಯಾಕಕ್ಕ ಹೋಗ್ಲಿಲ್ಲ?" ಎಂದು ಕೇಳಿದಳು.

"ಹುಳ ಹಣ್ಣಾಗಿದ್ವು ಕಣಮ್ಮ" ಎಂದೆ. ಹತ್ತು ವರ್ಷ ಆದ ಮೇಲೂ.

ಹುಡುಗಿ ಮೊಬೈಲು ನನ್ನ ಮುಂದೆ ಹಿಡಿದು, "ನೋಡಿ ಅಕ್ಕ, ಎಷ್ಟು ಚೆನ್ನಾಗಿ ಹೇಳ್ತಾರೆ ಅದನ್ನ" ಎಂದು ಆ ದಿನದ ಕಾರ್ಯಕ್ರಮ ಹಾಕಿದಳು. ಎದ್ದು ಹೋಗಲು ದಾರಿಯಿರಲಿಲ್ಲ. ನಾನು ಅಂದು ಬಿಟ್ಟು ಹೋದ ಭಾಗವನ್ನು ಮೊದಲ ಸಲ ನೋಡಿದೆ.

"ನಮ್ಮಕ್ಕ ಬರ್ಬೇಕಿತ್ತು ಸಾರ್, ಹುಳ ಹಣ್ಣಾಗವೆ," ಎನ್ನುತ್ತಾನೆ ನನ್ನ ತಮ್ಮ. ಎಷ್ಟು ಸಣ್ಣವನು, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ನಡೆಸಿಕೊಡುವವನು ರಾಗ ಎಳೆದು, "ಹುಳಾ ಹಣ್ಣಾಗವೇಏ?" ಎಂದು ಅಣಕಿಸುತ್ತಾನೆ. ಜನ ನಗುತ್ತಾರೆ. ಇವನು ಬಿಡುವುದಿಲ್ಲ. "ಹೂ ಸಾರ್. ಹಣ್ಣಾದ್ಮೇಲೆ ಒಂದ್ ಗಳಿಗೆ ಬಿಡಂಗಿಲ್ಲ. ಚಂದ್ರಿಕೆಗೆ ಬಿಡ್ಬೇಕು, ಇಲ್ಲಾಂದ್ರೆ ಎಲ್ಲಂದ್ರಲ್ಲಿ ಗೂಡು ಸುತ್ಬಿಡ್ತವೆ. ನಮ್ಮಕ್ಕನ್ ಬಿಟ್ರೆ ಯಾರ್ಗೂ ಅಷ್ಟ್ ಚೆನ್ನಾಗಿ ಆರ್ಸಕೆ ಬರಲ್ಲ ಸಾರ್. ಬರೋ ಆಸೆ ಬೋ ಇತ್ತು ಅವ್ಳಿಗೆ." ಜನ ಇನ್ನೂ ನಗುತ್ತಾರೆ. ಅವನೂ ನಗುತ್ತಾನೆ.

ಆ ಇಬ್ಬರು ಅವನ ಮಾತನ್ನು ಕೇಳುತ್ತಿದ್ದರು. ನಾನು ಅವನ ಕೈಯನ್ನು ನೋಡುತ್ತಿದ್ದೆ. ಎಡಗೈಯಲ್ಲಿ ಮೈಕು. ಬಲಗೈ ಮೇಲೆ ಹೋಗಿ ಕಿವಿಯ ಹಾಲೆಯನ್ನು ಹಿಡಿದಿತ್ತು. ಮಾತು ಮುಗಿಯುವ ತನಕ ಬಿಡಲಿಲ್ಲ.

ಅವನಿಗೆ ಗೊತ್ತಿತ್ತು. ಮನೆ ಖಾಲಿ ಇದೆ ಎಂದು ಅವನಿಗೆ ಫೋನಿನಲ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ನನ್ನ ಸುಳ್ಳನ್ನು ಹೊತ್ತುಕೊಂಡು ಹೋಗಿ, ಅಷ್ಟು ಜನರ ಮುಂದೆ ನಿಂತು, ನಗಿಸಿಕೊಂಡು, ನನ್ನ ಮಾನ ಉಳಿಸಿದ್ದ. ಅದಕ್ಕೆ ನಾನು ಮಾರನೆಯ ದಿನ ಕೊಟ್ಟದ್ದು, ನೀಟಾಗಿ ಮಾತಾಡು ಎಂಬ ಬುದ್ಧಿವಾದ.

ಅವರು ಹೋದ ಮೇಲೆ ಅತ್ತೆ ಎಲೆಯಡಿಕೆ ಕುಟ್ಟುತ್ತ, ನನ್ನ ಮುಖ ನೋಡದೆ, "ಇಂಕಾ ಎನ್ನಾಳ್ಳು ಪಂಡ್ತಾಯೇ ಆ ಪುರುಗುಲು?" ಎಂದರು. ಇನ್ನೂ ಎಷ್ಟು ದಿನವೇ ಆ ಹುಳ ಹಣ್ಣಾಗೋದು? ಅವರಿಗೂ ಗೊತ್ತಿತ್ತು ಅಂತ ಆಯಿತು. ಗೊತ್ತಿಲ್ಲ ಎಂದುಕೊಂಡಿದ್ದವಳು ನಾನೊಬ್ಬಳೇ.

ಮೊನ್ನೆ ತಮ್ಮ ಬಂದ. ಹೊಸ ಹಾಡೊಂದನ್ನು ಹುಳದ ಮನೆಯಲ್ಲೇ ರೆಕಾರ್ಡ್ ಮಾಡಬೇಕಂತೆ, ಆ ಶೀಟಿನ ಸದ್ದು ಬೇರೆಲ್ಲೂ ಸಿಗುವುದಿಲ್ಲವಂತೆ. ಮನೆ ತೊಳೆದು ಖಾಲಿ ಇತ್ತು. ಗೆಳೆಯರು ಮಾರನೆಯ ದಿನ ಬರುವವರು. ಇವನು ಮುಂಚೆಯೇ ಬಂದು ಮೈಕು, ಪೆಟ್ಟಿಗೆ ಎಲ್ಲ ಹೊಂದಿಸುತ್ತಿದ್ದ. ಮೈಮೇಲೆ ಏನೇನೋ ಹಚ್ಚೆ, ಕೈಗೆ ಬಳೆಯ ಹಾಗೆ ಕಬ್ಬಿಣ. ಕಾಲು ಮಾತ್ರ ತೊಳೆದುಕೊಂಡೇ ಒಳಗೆ ಹೋಗಿದ್ದ, ಬಾಗಿಲಲ್ಲಿ ಒದ್ದೆ ಹೆಜ್ಜೆ ಇನ್ನೂ ಆರಿರಲಿಲ್ಲ.

ಮಧ್ಯಾಹ್ನ ನಾನು ಮಜ್ಜಿಗೆ ತೆಗೆದುಕೊಂಡು ಹೋದೆ. ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡು ನೆಲದ ಮೇಲೆ ಕೂತಿದ್ದ.

"ಬಂದಿದ್ದು ಒಳ್ಳೇದಾಯ್ತು ಅಕ್ಕ. ಮೈಕ್ ಚೆಕ್ ಮಾಡ್ಬೇಕು. ಏನಾದ್ರೂ ಮಾತಾಡು, ಪ್ಲೀಸ್."

"ನಾನೇನ್ ಮಾತಾಡ್ಲಿ?"

"ಏನಾದ್ರೂ ಸರಿ. ಏನ್ ಅಡುಗೆ ಮಾಡಿದ್ದೀಯ ಅಂತ ಹೇಳು."

"ಮುದ್ದೆ. ಹುರುಳಿಕಾಳಿನ ಬಸ್ಸಾರು."

ಪೆಟ್ಟಿಗೆಯ ಮೇಲೆ ಹಸಿರು ದೀಪ ಕುಣಿಯಿತು. ಅವನು ನಕ್ಕ. "ನಿನ್ನ ವಾಯ್ಸ್ ಚೆನ್ನಾಗಿ ಬರ್ತಿದೆ. ದೂರದಿಂದಾನೂ ಬೇಕು. ಕೊನೇಲಿ ಹೋಗಿ ನಿಂತ್ಕೋ."

ಹೋಗಿ ನಿಂತೆ. ಅಂದು ಎರಡು ಮಾತು ಅಭ್ಯಾಸ ಮಾಡಿದ ಅದೇ ಗೋಡೆ. ಅಲ್ಲಿಂದ ಅವನು ಚಿಕ್ಕವನಾಗಿ ಕಂಡ.

"ನಿನ್ನ ಒಂದ್ ಮಾತು ಕೇಳ್ಲಾ?" ಎಂದೆ. "ಆವತ್ತು ಟೀವಿಗೆ ನಾನು ಬರ್ಲಿಲ್ಲ ಅಂತ ನಿಂಗೆ ಬೇಜಾರಾಯ್ತಾ?"

"ಛೇ, ಇಲ್ಲ ಅಕ್ಕ," ಎಂದ. "ಹುಳ ಹಣ್ಣಾಗಿತ್ತಲ್ವಾ." ಬಲಗೈ ಎದ್ದು ಕಿವಿಗೆ ಹೋಯಿತು. ಅಲ್ಲಿ ಹೆಡ್‌ಫೋನು ಇತ್ತು, ಹಾಲೆ ಸಿಗಲಿಲ್ಲ. ಬೆರಳು ಅದರ ಮೇಲೆಯೇ ತಡಕಾಡಿತು.

ಚಿಕ್ಕಬಳ್ಳಾಪುರದಲ್ಲಿ ಅವನು ಹಾಡುವ ದಿನ ಯಾವುದೆಂದು ನನಗೆ ಗೊತ್ತಿತ್ತು. ಈ ವಾರ ನಾವು ಮರಿಹುಳ ತರುತ್ತೇವೆ. ಅತ್ತೆ ಆಗಲೇ ಬೆರಳು ಮಡಿಸಿ ಎಣಿಸಿ ಹೇಳಿದ್ದರು, ಸರಿಯಾಗಿ ಆ ದಿನಕ್ಕೇ ಹಣ್ಣಾಗುತ್ತವೆ ಎಂದು. ಹಿಂದಿನ ರಾತ್ರಿ ನಾನು ಗಂಡನಿಗೂ ಮಗಳಿಗೂ ಹೇಳಿಯಾಗಿತ್ತು, ಆವತ್ತು ಹುಳ ಆರಿಸುವುದು ನಿಮ್ಮಿಬ್ಬರ ಪಾಲು ಎಂದು. ಗಡ್ಡದವನೂ ಅವನ ನೂರು ಜನವೂ ಅಲ್ಲಿ ಇರುತ್ತಾರೆ. ಪುಸ್ತಕ ಬರುವುದಕ್ಕೆ ಮೊದಲೇ ಅವರು ಇದನ್ನು ಫೋನಿನಲ್ಲಿ ಓದಲಿ ಎಂದೇ ಬರೆಯುತ್ತಿದ್ದೇನೆ. ಕೂಗುವುದಿದ್ದರೆ ನನ್ನನ್ನು ಕೂಗಲಿ, ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ.

ಆದರೆ ಅವರಿಗಿಂತ ಮೊದಲು ಅವನಿಗೆ ಹೇಳಬೇಕಾಗಿತ್ತು. ಹಸಿರು ದೀಪ ಕಾಯುತ್ತಿತ್ತು. ನನ್ನ ದನಿ ಶೀಟಿಗೆ ತಾಗಿ ತಿರುಗಿ ಬಂತು, ಈ ಸಲ ನಾನು ಅದಕ್ಕೆ ಹೆದರಲಿಲ್ಲ.

"ಕಿವಿ ಬಿಡಪ್ಪ. ಆವತ್ತು ಹುಳ ಇರ್ಲಿಲ್ಲ. ಈ ಮನೆ ಹಿಂಗೇ ಖಾಲಿ ಇತ್ತು, ನಿಂಗೂ ಗೊತ್ತು. ನಿನ್ ಮಾತಿಗೆ ನಾಚ್ಕೊಂಡು ನಾನು ತಪ್ಪಿಸ್ಕೊಂಡಿದ್ದಲ್ಲ, ನನ್ ಮಾತಿಗೆ ನಾಚ್ಕೊಂಡಿದ್ದು. ಆಮೇಲೆ ನಿನ್ ಮಾತೂ ಕಿತ್ಕೊಂಡೆ. ಈಗ ನಿಂಗೆ ಹೆಂಗ್ ಬರ್ತದೋ ಹಂಗ್ ಮಾತಾಡು, ಇಂಗ್ಲಿಷಾದ್ರೂ ಆಗ್ಲಿ, ಯಾರ್ಗೂ ಹೆದರ್ಬೇಡ. ನಾನು ಚಿಕ್ಕಬಳ್ಳಾಪುರಕ್ಕೆ ಬರ್ತೀನಿ. ಆವತ್ತು ನಿಜವಾಗ್ಲೂ ಹುಳ ಹಣ್ಣಾಗಿರ್ತವೆ, ಆದ್ರೂ ಬರ್ತೀನಿ. ಮೈಕ್ ಕೊಟ್ರೆ ಎರಡ್ ಮಾತೂ ಆಡ್ತೀನಿ. ತಪ್ಪಾಯ್ತು ಕಣಪ್ಪ. ನಂದು ತಪ್ಪಾಯ್ತು."